ಮೈದಾನ ಕಟ್ಟಿಸಿದ ವಕೀಲರು: ಎಂ. ಚಿನ್ನಸ್ವಾಮಿ

ಆಟಗಾರನ ಹೆಸರು ಬಹುಬೇಗ ಊರೂರಿಗೆ ಹಬ್ಬುತ್ತದೆ. ಆತ ಹೊಡೆದ ಹೊಡೆತ, ಕೆಡವಿದ ಗೂಟ, ಹಿಡಿದ ಕ್ಯಾಚು ಇವೆಲ್ಲ ಮಕ್ಕಳ ಬಾಯಲ್ಲಿಯೂ ನಲಿದಾಡುತ್ತವೆ. ಆದರೆ ಆಟ ನಡೆಯಬೇಕಾದರೆ ನೆಲ ಬೇಕು, ನಿಯಮ ಬೇಕು, ತೀರ್ಪುಗಾರರು ಬೇಕು, ತಂಡವನ್ನು ಆರಿಸುವವರು ಬೇಕು, ದೂರದ ಊರಿಗೆ ಹೋಗಿಬರಲು ಹಣ ಬೇಕು. ಇವುಗಳನ್ನೆಲ್ಲ ಒದಗಿಸುವವರು ಬಿಸಿಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅವರ ಕೆಲಸ ಕಾಗದ ಪತ್ರಗಳ ನಡುವೆ ನಡೆಯುತ್ತದೆ. ಅವರು ಕೆಲಸವನ್ನು ಚೆನ್ನಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ, ಕೆಟ್ಟದಾಗಿ ಮಾಡಿದರೆ ಎಲ್ಲರೂ ಬಯ್ಯುತ್ತಾರೆ. ಇಂಥ ಕೆಲಸಕ್ಕೆ ತಮ್ಮ ಬಾಳಿನ ಬಹುಭಾಗವನ್ನು ಮುಡಿಪಾಗಿಟ್ಟ ಕನ್ನಡ ನಾಡಿನ ವ್ಯಕ್ತಿ ಎಂ. ಚಿನ್ನಸ್ವಾಮಿಯವರು.

ಆಟಕ್ಕೆ ನೆಲವೆಂಬುದು ಎಷ್ಟು ದೊಡ್ಡ ವಸ್ತು ಎಂಬುದನ್ನು ಬಯಲುಸೀಮೆಯವರಿಗಿಂತ ಮಲೆನಾಡಿನವರು ಚೆನ್ನಾಗಿ ಬಲ್ಲರು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ದೇವರಮನೆ ಎಂಬ ಸ್ಥಳವಿದೆ. ಕಾಲಭೈರವೇಶ್ವರನ ಹಳೆಯ ಗುಡಿ, ಅದರ ಸುತ್ತ ಹುಲ್ಲು ಹೊದ್ದ ಬೆಟ್ಟಗಳು, ಬೆಟ್ಟಗಳ ಸಂದುಗಳಲ್ಲಿ ಕಾಡು, ಕೆಳಗೆ ಕಾಫಿಯ ತೋಟಗಳು. ನೋಡುವ ಕಣ್ಣಿಗೆ ಅದು ಹಬ್ಬ. ಆದರೆ ಅಲ್ಲಿ ಚೆಂಡಾಡುವ ಹುಡುಗರಿಗೆ ಇಪ್ಪತ್ತೆರಡು ಗಜದ ಮಟ್ಟಸವಾದ ನೆಲ ದೊರೆಯುವುದೇ ಕಷ್ಟ. ಚೆಂಡು ಒಮ್ಮೆ ಅಂಚು ದಾಟಿತೆಂದರೆ ಕಣಿವೆಯ ಪಾಲು. ಜೂನ್‌ನಿಂದ ಮೂರು ನಾಲ್ಕು ತಿಂಗಳು ಮಳೆ. ಮಳೆ ನಿಂತು ನೆಲ ಗಟ್ಟಿಯಾಗುವ ಹೊತ್ತಿಗೆ ಕೊಯ್ಲು ಬರುತ್ತದೆ. ಊರಿನಲ್ಲಿರುವ ಒಂದೇ ಮಟ್ಟಸ ಜಾಗವಾದ ಕಾಫಿ ಒಣಗಿಸುವ ಕಣದ ತುಂಬ ಹಣ್ಣು ಹರಡಿರುತ್ತದೆ. ಕಣ ಖಾಲಿಯಾಗುವವರೆಗೆ ಹುಡುಗರು ಕಾಯಬೇಕು. ಪರರ ನೆಲದಲ್ಲಿ ಆಡುವವರ ಪಾಡು ಹೀಗೆಯೇ. ನೆಲದ ಒಡೆಯನಿಗೆ ಬಿಡುವಾದಾಗ ಇವರಿಗೆ ಆಟ.

ಒಂದು ಕಾಲಕ್ಕೆ ಮೈಸೂರು ರಾಜ್ಯದ ಕ್ರಿಕೆಟ್ಟಿನ ಪಾಡೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

ಚಿನ್ನಸ್ವಾಮಿಯವರು ಜನಿಸಿದುದು 1900ನೆಯ ಇಸವಿ ಮಾರ್ಚ್ 29ರಂದು, ಮಂಡ್ಯದಲ್ಲಿ. ಮಂಗಳಂ ಚಿನ್ನಸ್ವಾಮಿ ಮೊದಲಿಯಾರ್ ಎಂಬುದು ಅವರ ಪೂರ್ಣ ಹೆಸರು. ಆಗ ಮಂಡ್ಯ ಇಂದಿನಂತೆ ಜಿಲ್ಲೆಯ ಕೇಂದ್ರವಾಗಿರಲಿಲ್ಲ. ಕಾವೇರಿಗೆ ಕನ್ನಂಬಾಡಿಯ ಕಟ್ಟೆ ಇನ್ನೂ ಬಿದ್ದಿರಲಿಲ್ಲ. ನಾಲೆಯ ನೀರು ಬಂದು ಕಬ್ಬಿನ ಗದ್ದೆಗಳು ಹಸುರಾದುದು ಮೂರು ದಶಕಗಳ ಅನಂತರ. ಅಂಥ ಊರಿನಲ್ಲಿ ಹುಟ್ಟಿದ ಅವರು ಕಾನೂನು ಓದಿ ವಕೀಲರಾದರು. ಸಂಘಸಂಸ್ಥೆಗಳ ನಿಬಂಧನೆಗಳನ್ನು ಓದುವುದು, ಒಪ್ಪಂದದ ಒಂದೊಂದು ಪದವನ್ನೂ ತೂಗಿನೋಡುವುದು, ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳುವುದು ವಕೀಲರಿಗೆ ದಿನನಿತ್ಯದ ಕೆಲಸ. ಇದೇ ಮುಂದೆ ಅವರ ಬಂಡವಾಳವಾಯಿತು. ಅವರ ಖ್ಯಾತಿ ದಾಂಡು ಹಿಡಿದು ಬಂದುದಲ್ಲ, ಲೇಖನಿ ಹಿಡಿದು ಬಂದುದು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾದುದು 1933ರಲ್ಲಿ. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಚಿನ್ನಸ್ವಾಮಿಯವರು ಪ್ರಮುಖರು. ಮರುವರ್ಷ ರಣಜಿ ಪಂದ್ಯಾವಳಿ ಆರಂಭವಾಯಿತು. ಆ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆದುದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕ್ ಮೈದಾನದಲ್ಲಿ, ಮದರಾಸು ಮತ್ತು ಮೈಸೂರು ತಂಡಗಳ ನಡುವೆ. ಮೈಸೂರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59 ಓಟ ಗಳಿಸಿತು. ಮದರಾಸು ಗಳಿಸಿದ್ದು 130. ಎ. ಜಿ. ರಾಮ್‌ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ಟುಗಳನ್ನು ಪಡೆದರು. ಬೆಳಿಗ್ಗೆ ಆರಂಭವಾದ ಪಂದ್ಯ ಅದೇ ಸಂಜೆಯ ಹೊತ್ತಿಗೆ ಮುಗಿದುಹೋಯಿತು! ರಾಷ್ಟ್ರಮಟ್ಟದ ಕ್ರಿಕೆಟ್ಟಿಗೆ ಮೈಸೂರು ಕಾಲಿಟ್ಟ ಬಗೆ ಇದು.

ಇಂಥ ಸೋಲು ಎರಡು ಬಗೆಯ ಫಲ ಕೊಡಬಹುದು. ಸಂಸ್ಥೆ ನಾಚಿ ಮುದುಡಬಹುದು. ಇಲ್ಲವೇ ಕಾರಣವನ್ನು ಹುಡುಕಬಹುದು. ಮೈಸೂರಿನಲ್ಲಿ ಆಟದ ಆಸಕ್ತಿಗೆ ಕೊರತೆಯಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷ್ ಸೈನಿಕರು ಬಹುಕಾಲದಿಂದ ಆಡುತ್ತಿದ್ದರು. ಊರಿನಲ್ಲಿಯೂ ಕಾಲೇಜುಗಳ, ಕ್ಲಬ್ಬುಗಳ ತಂಡಗಳಿದ್ದವು. ಕೊರತೆಯಿದ್ದುದು ವ್ಯವಸ್ಥೆಗೆ. ವರ್ಷವೆಲ್ಲ ನಡೆಯುವ ಲೀಗ್ ಪಂದ್ಯಗಳು, ಅವುಗಳಿಂದ ರಾಜ್ಯದ ತಂಡಕ್ಕೆ ಆಯ್ಕೆ, ಆಯ್ಕೆಯಾದವರಿಗೆ ತರಬೇತಿ, ಶಾಲಾ ಬಾಲಕರಿಗೆ ಪ್ರತ್ಯೇಕ ಪಂದ್ಯಗಳು ಹೀಗೆ ಒಂದರ ಮೇಲೊಂದು ಮೆಟ್ಟಿಲು ಕಟ್ಟಬೇಕಾಗಿತ್ತು. ಇದು ಒಂದು ವರ್ಷದಲ್ಲಿ ಆಗುವ ಕೆಲಸವಲ್ಲ. 1941-42ರ ಋತುವಿನಲ್ಲಿ ಮೈಸೂರು ರಣಜಿಯ ಅಂತಿಮ ಪಂದ್ಯವನ್ನು ತಲುಪಿತು, ಮುಂಬಯಿಗೆ ಸೋತಿತು. 1959-60ರಲ್ಲಿ ಮತ್ತೆ ತಲುಪಿತು. ಮತ್ತೆ ಮುಂಬಯಿಗೆ ಸೋತಿತು. ಸುಮಾರು ನಾಲ್ಕು ದಶಕಗಳ ಕಾಲ ಚಿನ್ನಸ್ವಾಮಿಯವರು ಸಂಸ್ಥೆಯ ಕಾರ್ಯದರ್ಶಿಯಾಗಿ, ಮುಂದೆ ಅಧ್ಯಕ್ಷರಾಗಿ ಈ ಮೆಟ್ಟಿಲುಗಳ ಕೆಲಸದಲ್ಲಿ ತೊಡಗಿದ್ದರು. ಅದು ಸಂಬಳದ ಹುದ್ದೆಯಲ್ಲ, ಗೌರವ ಸೇವೆ. ಹೊಟ್ಟೆಪಾಡಿಗೆ ವಕೀಲಿ ವೃತ್ತಿ, ಉಳಿದ ಹೊತ್ತು ಸಂಸ್ಥೆಗೆ ಎಂಬುದು ಆ ಕಾಲದ ಪದ್ಧತಿ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಂದಿಗೆ ಸೇರಿದವು. ಭೂಪಟದಲ್ಲಿ ಗೆರೆ ಬದಲಾಯಿಸಿದಷ್ಟು ಸುಲಭವಾಗಿ ಆಟದ ಆಡಳಿತ ಬದಲಾಗುವುದಿಲ್ಲ. ಬೆಂಗಳೂರು ಮತ್ತು ಮೈಸೂರು ನಗರಗಳನ್ನೇ ಕಂಡಿದ್ದ ಸಂಸ್ಥೆ ಈಗ ಧಾರವಾಡ, ಬೆಳಗಾವಿ, ರಾಯಚೂರು, ಮಂಗಳೂರುಗಳನ್ನೂ ತನ್ನವೆಂದು ಕಾಣಬೇಕಾಯಿತು. ಪ್ರತಿಭೆ ರಾಜಧಾನಿಯಲ್ಲಿ ಮಾತ್ರ ಹುಟ್ಟುತ್ತದೆ ಎಂಬ ನಿಯಮವೇನೂ ಇಲ್ಲ. ಮುಂದೆ ಜಗತ್ತೇ ಮೆಚ್ಚಿದ ಗುಂಡಪ್ಪ ವಿಶ್ವನಾಥರು ಹುಟ್ಟಿದುದು ಮಲೆನಾಡಿನ ಸೆರಗಿನ ಭದ್ರಾವತಿಯಲ್ಲಿ. ಆದರೂ ಅನೇಕ ವರ್ಷ ರಾಜ್ಯದ ತಂಡವೆಂದರೆ ಬಹುಮಟ್ಟಿಗೆ ಬೆಂಗಳೂರು, ಮೈಸೂರುಗಳ ತಂಡವೇ ಆಗಿತ್ತು. ಈ ಮಾತನ್ನು ಮರೆಮಾಚಬೇಕಾದುದಿಲ್ಲ. ಮೂಡಿಗೆರೆ, ಕಳಸಗಳ ಹುಡುಗನಿಗೆ ಟೆಸ್ಟ್ ಪಂದ್ಯವೆಂದರೆ ರೇಡಿಯೋದಲ್ಲಿ ಕೇಳಿಬರುವ ಒಂದು ಗದ್ದಲ, ಮರುದಿನದ ಪತ್ರಿಕೆಯಲ್ಲಿ ಒಂದು ಚಿತ್ರ, ಅಷ್ಟೆ.

1960ರಲ್ಲಿ ಚಿನ್ನಸ್ವಾಮಿಯವರು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕಾರ್ಯದರ್ಶಿಯಾದರು. 1965ರವರೆಗೆ ಆ ಹೊಣೆ ಹೊತ್ತರು. ಆ ಐದು ವರ್ಷಗಳು ಭಾರತದ ಕ್ರಿಕೆಟ್ಟಿನಲ್ಲಿ ಏರಿಳಿತಗಳ ಕಾಲ. 1960-61ರಲ್ಲಿ ಪಾಕಿಸ್ತಾನದ ತಂಡ ಬಂದು ಐದು ಟೆಸ್ಟ್ ಪಂದ್ಯಗಳನ್ನಾಡಿತು. ಐದೂ ಗೆಲುವು ಸೋಲಿಲ್ಲದೆ ಮುಗಿದವು. ಮರುವರ್ಷ ಇಂಗ್ಲೆಂಡಿನ ವಿರುದ್ಧ ಭಾರತ ಮೊದಲ ಬಾರಿಗೆ ಸರಣಿ ಗೆದ್ದಿತು. ಆ ಹರ್ಷ ಆರುವ ಮುನ್ನವೇ, 1962ರ ಮಾರ್ಚಿಯಲ್ಲಿ, ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ ಗ್ರಿಫಿತ್ ಎಸೆದ ಚೆಂಡು ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಬಡಿಯಿತು. ತಲೆಬುರುಡೆ ಒಡೆದು ಅವರ ಪ್ರಾಣವೇ ಹೋಗುವಂತಾಗಿತ್ತು. ಎದುರಾಳಿ ತಂಡದ ನಾಯಕ ಫ್ರಾಂಕ್ ವೊರೆಲ್ ರಕ್ತದಾನ ಮಾಡಿದರು. ಇಪ್ಪತ್ತೊಂದು ವಯಸ್ಸಿನ ಪಟೌಡಿ ಭಾರತದ ನಾಯಕರಾದರು. ವೇಗದ ಚೆಂಡನ್ನು ಎದುರಿಸುವುದು ನಮ್ಮವರಿಗೆ ತಿಳಿಯದೆಂಬುದು ಆ ಪ್ರವಾಸದಲ್ಲಿ ಎಲ್ಲರಿಗೂ ಸ್ಪಷ್ಟವಾಯಿತು. ಮಂಡಳಿ ಸುಮ್ಮನೆ ಕೂರಲಿಲ್ಲ. ಮುಂದಿನ ಋತುವಿಗೆ ಗಿಲ್‌ಕ್ರಿಸ್ಟ್, ವಾಟ್ಸನ್, ಸ್ಟೇಯರ್ಸ್, ಕಿಂಗ್ ಎಂಬ ನಾಲ್ವರು ವೆಸ್ಟ್ ಇಂಡೀಸ್ ವೇಗಿಗಳನ್ನು ಕರೆಸಿ ನಮ್ಮ ದೇಶೀಯ ಪಂದ್ಯಗಳಲ್ಲಿ ಆಡಿಸಿತು. ರೋಗಕ್ಕೆ ಮದ್ದು ಹುಡುಕುವ ಈ ಕ್ರಮ ಆ ಕಾಲಕ್ಕೆ ಹೊಸದು. ವಲಯಗಳ ನಡುವೆ ನಡೆಯುವ ದುಲೀಪ್ ಪಂದ್ಯಾವಳಿ ಆರಂಭವಾದುದೂ ಈ ಅವಧಿಯಲ್ಲಿಯೇ, 1961-62ರಲ್ಲಿ.

ಅದೇ ಕಾಲದಲ್ಲಿ ಮೈಸೂರಿನ ಹುಡುಗರು ಒಬ್ಬೊಬ್ಬರಾಗಿ ಭಾರತದ ತಂಡಕ್ಕೆ ಬರತೊಡಗಿದರು. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು. ಅವರಿನ್ನೂ ಇಂಜಿನಿಯರಿಂಗ್ ವಿದ್ಯಾರ್ಥಿ. ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಕಳುಹಿಸಲು ಅವರ ತಂದೆ ಹಿಂಜರಿದರು. ಮಹಾರಾಜರೇ ಮಧ್ಯೆ ಬಂದು ಒಪ್ಪಿಸಬೇಕಾಯಿತು. ಹಿಂದಿರುಗಿದ ಮೇಲೆ ಪದವಿಯನ್ನು ಮುಗಿಸತಕ್ಕದ್ದು ಎಂಬ ಕರಾರಿನ ಮೇಲೆ ತಂದೆ ಒಪ್ಪಿದರು. ಪ್ರಸನ್ನ ಹಿಂದಿರುಗಿ, ಕೆಲವು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರವಿದ್ದು, ಓದು ಮುಗಿಸಿಯೇ ಮತ್ತೆ ಚೆಂಡು ಹಿಡಿದರು. ಆಟದಿಂದ ಬದುಕು ನಡೆಯುವ ಕಾಲ ಅದಾಗಿರಲಿಲ್ಲ. ತಂದೆಯವರ ಅಂಜಿಕೆಯಲ್ಲಿ ಅರ್ಥವಿತ್ತು. 1964ರ ಜನವರಿಯಲ್ಲಿ ಬಿ. ಎಸ್. ಚಂದ್ರಶೇಖರ್ ಬಂದರು, ಎಳವೆಯಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಜಗತ್ತಿನ ದಾಂಡಿಗರನ್ನು ಬೆದರಿಸಿದರು. 1969ರಲ್ಲಿ ವಿಶ್ವನಾಥ್ ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲಿಯೇ ಶತಕ ಹೊಡೆದರು. 1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ಓಟಗಳಿಗೆ ಆರು ವಿಕೆಟ್ ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನು ದೊರಕಿಸಿಕೊಟ್ಟರು.

ಇಲ್ಲೊಂದು ವಿಪರ್ಯಾಸವಿತ್ತು. ದೇಶಕ್ಕೆ ಇಂಥ ಆಟಗಾರರನ್ನು ಕೊಟ್ಟ ರಾಜ್ಯದಲ್ಲಿ ಒಂದು ಟೆಸ್ಟ್ ಪಂದ್ಯವೂ ನಡೆದಿರಲಿಲ್ಲ. ನಡೆಸಲು ಮೈದಾನವೇ ಇರಲಿಲ್ಲ. ರಣಜಿ ಪಂದ್ಯಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಅದು ಸಂಸ್ಥೆಯ ಸ್ವತ್ತಲ್ಲ, ಕಾಲೇಜಿನದು. ಪಂದ್ಯವಿದ್ದಾಗ ಬಿದಿರು ಹಲಗೆಗಳ ಗ್ಯಾಲರಿ ಕಟ್ಟಬೇಕು, ಶಾಮಿಯಾನ ಹಾಕಿಸಬೇಕು, ಮುಗಿದೊಡನೆ ಬಿಚ್ಚಬೇಕು. ಚೆಪಾಕ್, ಈಡನ್, ಬ್ರಬೋರ್ನ್ ಮೈದಾನಗಳನ್ನು ಕಂಡು ಬಂದ ಆಡಳಿತಗಾರನಿಗೆ ಈ ಎರವಲು ನೆಲ ಚುಚ್ಚದೆ ಇರದು.

ಸಂಸ್ಥೆಗೆ ಸ್ವಂತ ಕ್ರೀಡಾಂಗಣವೊಂದು ಬೇಕೆಂಬ ಬೇಡಿಕೆಯನ್ನು ಚಿನ್ನಸ್ವಾಮಿಯವರು ಹಿಡಿದು ಕುಳಿತರು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಸರ್ಕಾರ ನಗರದ ಹೃದಯಭಾಗದಲ್ಲಿ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ಮಹಾತ್ಮಾ ಗಾಂಧಿ ರಸ್ತೆಗೆ ಸಮೀಪದಲ್ಲಿ ಸುಮಾರು 17 ಎಕರೆ ನೆಲವನ್ನು ದೀರ್ಘಾವಧಿಯ ಗೇಣಿಗೆ ಕೊಟ್ಟಿತು. 1969ರ ಮೇ ತಿಂಗಳಲ್ಲಿ ಅಸ್ತಿಭಾರ ಬಿದ್ದಿತು. 1970ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ನೆಲ ಸರ್ಕಾರದ್ದು, ಸಾರ್ವಜನಿಕರದ್ದು. ಅದನ್ನು ನೋಡಿಕೊಳ್ಳುವ ಹೊಣೆ ಒಂದು ಖಾಸಗಿ ಸಂಸ್ಥೆಯದು. ಈ ಕರಾರು ಮುಂದೆ ಹಲವು ಚರ್ಚೆಗಳಿಗೆ ಎಡೆಕೊಟ್ಟಿದೆ, ಕೊಡುವುದು ಸಹಜವೂ ಹೌದು. ಇಂಥ ಕಡೆ ವಕೀಲರ ಕಣ್ಣು ಬೇಕಾಗುತ್ತದೆ. ಅಂಚುಗೋಡೆಯ ಅಳತೆಯಿಂದ ಹಿಡಿದು ಟಿಕೇಟಿನ ಲೆಕ್ಕದವರೆಗೆ ಕಾಗದದ ಮೇಲೆ ಇಳಿಯದ ಯಾವ ಮಾತೂ ಬಹುದಿನ ಬಾಳುವುದಿಲ್ಲ. ಕಟ್ಟಡ ಹಂತಹಂತವಾಗಿ ಮೇಲೇರಿತು. ಪ್ರಥಮ ದರ್ಜೆಯ ಪಂದ್ಯಗಳು ಅಲ್ಲಿ ಆರಂಭವಾದುದು 1972-73ರ ಋತುವಿನಲ್ಲಿ.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಸಂಸ್ಥೆಯ ಹೆಸರೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಎಂದಾಯಿತು. ಹೆಸರು ಬದಲಾದ ಅದೇ ಋತುವಿನಲ್ಲಿ ನಡೆದ ಸಂಗತಿಯನ್ನು ಕನ್ನಡಿಗರು ಇಂದಿಗೂ ಹೇಳಿಕೊಳ್ಳುತ್ತಾರೆ. 1958-59ರಿಂದ ಹದಿನೈದು ವರ್ಷ ಮುಂಬಯಿ ರಣಜಿ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1974ರಲ್ಲಿ ಉಪಾಂತ್ಯ ಪಂದ್ಯಕ್ಕೆ ಆ ಮುಂಬಯಿ ಬೆಂಗಳೂರಿಗೆ ಬಂದಿತು. ಈ ಸಲ ಎರವಲು ಮೈದಾನವಲ್ಲ, ಸ್ವಂತ ಕ್ರೀಡಾಂಗಣ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಓಟ ಗಳಿಸಿದರು. ನಾಯಕ ಪ್ರಸನ್ನರ ಚೆಂಡಿಗೆ ಗಾವಸ್ಕರರ ಗೂಟ ಉರುಳಿತು. ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನೌಟಾದರು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕ ಮುಂದೆ ಸಾಗಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿಯನ್ನು ತಂದಿತು. ಒಂದೇ ಹಗಲಿನಲ್ಲಿ ಎರಡು ಸಲ ಉರುಳಿದ 1934ರ ತಂಡದಿಂದ ಇಲ್ಲಿಯವರೆಗೆ ನಲವತ್ತು ವರ್ಷ!

ಅದೇ 1974ರ ನವೆಂಬರ್ 22ರಂದು ಬೆಂಗಳೂರಿನ ಮೊದಲ ಟೆಸ್ಟ್ ಆರಂಭವಾಯಿತು. ಎದುರಾಳಿ ವೆಸ್ಟ್ ಇಂಡೀಸ್. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಓಟ ಹೊಡೆದರೆ, ರಿಚರ್ಡ್ಸ್ ಎರಡು ಸರದಿಗಳಲ್ಲಿಯೂ ಚಂದ್ರಶೇಖರರಿಗೆ ಬಲಿಯಾದರು. ಭಾರತ 267 ಓಟಗಳಿಂದ ಸೋತಿತು. ಸೋಲು ಸೋಲೇ, ಆದರೆ ಆ ದಿನ ಬೆಂಗಳೂರಿನ ಜನ ತಮ್ಮ ಊರಿನಲ್ಲಿಯೇ ಕುಳಿತು ಟೆಸ್ಟ್ ಪಂದ್ಯವನ್ನು ಕಂಡರು.

ಎರಡು ವರ್ಷಗಳ ಅನಂತರ, 1976ರ ಅಕ್ಟೋಬರ್ 31ರಂದು, ಅದೇ ನೆಲದಲ್ಲಿ ಇನ್ನೊಂದು ಮೊದಲು ನಡೆಯಿತು. ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸಿನ ಮಹಿಳೆಯರ ವಿರುದ್ಧ ಅಲ್ಲಿ ಆಡಿದರು. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಆಗ ಮಹಿಳೆಯರ ಕ್ರಿಕೆಟ್ಟಿಗೆ 1973ರಲ್ಲಿ ಸ್ಥಾಪನೆಯಾದ ಬೇರೆಯೇ ಸಂಘವಿತ್ತು. ಅವರು ರೈಲಿನ ಎರಡನೆಯ ದರ್ಜೆಯಲ್ಲಿ ಪ್ರಯಾಣ ಮಾಡಿ, ಸಿಕ್ಕಿದೆಡೆ ತಂಗಿ ಆಡುತ್ತಿದ್ದರು. ಪುರುಷರ ಕ್ರಿಕೆಟ್ಟನ್ನು ಆಳುತ್ತಿದ್ದ ಮಂಡಳಿಯ ಹಿರಿಯರು ಅವರನ್ನು ತಮ್ಮ ಮನೆಯವರೆಂದು ಎಣಿಸಲಿಲ್ಲ. ಮೈದಾನದ ಬಾಗಿಲು ತೆರೆಯಿತು, ಸಂಸ್ಥೆಯ ಬಾಗಿಲು ತೆರೆಯಲಿಲ್ಲ. ಎರಡು ಆಡಳಿತಗಳು ಒಂದಾದುದು 2006ರಲ್ಲಿ. ಆ ತಲೆಮಾರಿನ ಆಡಳಿತಗಾರರ ಲೆಕ್ಕದಲ್ಲಿ ಇದು ಒಂದು ದೊಡ್ಡ ಬಾಕಿಯೆಂದೇ ಹೇಳಬೇಕು.

1977ರಲ್ಲಿ, ಎಪ್ಪತ್ತೇಳರ ಇಳಿವಯಸ್ಸಿನಲ್ಲಿ, ಚಿನ್ನಸ್ವಾಮಿಯವರು ನಿಯಂತ್ರಣ ಮಂಡಳಿಯ ಅಧ್ಯಕ್ಷರಾದರು. 1980ರವರೆಗೆ ಆ ಸ್ಥಾನದಲ್ಲಿದ್ದರು. ಅಂತರರಾಷ್ಟ್ರೀಯ ಕ್ರಿಕೆಟ್ ಸಮ್ಮೇಳನದ ಸಭೆಗಳಲ್ಲಿ ಭಾರತದ ಪ್ರತಿನಿಧಿಯಾಗಿ ಅವರು 1965ರಲ್ಲಿಯೇ ಭಾಗವಹಿಸಿದ್ದರು. ಆ ಸಮ್ಮೇಳನದ ಹೆಸರಿನಿಂದ ಸಾಮ್ರಾಜ್ಯವೆಂಬ ಪದ ಕಳಚಿ ಅಂತರರಾಷ್ಟ್ರೀಯವೆಂಬ ಪದ ಸೇರಿದ ವರ್ಷ ಅದು. 1977ರಿಂದ 1980ರವರೆಗೆ ಅವರು ಮತ್ತೆ ಅಲ್ಲಿ ಕುಳಿತಾಗ ಕ್ರಿಕೆಟ್ಟಿನ ಮನೆಗೆ ಬೆಂಕಿ ಬಿದ್ದಿತ್ತು. ಆಸ್ಟ್ರೇಲಿಯದ ದೂರದರ್ಶನ ಉದ್ಯಮಿ ಕೆರ್ರಿ ಪ್ಯಾಕರ್, ಪ್ರಸಾರದ ಹಕ್ಕು ದೊರೆಯದೆ ಹೋದುದರಿಂದ, ಜಗತ್ತಿನ ಹೆಸರಾಂತ ಆಟಗಾರರನ್ನು ಹೆಚ್ಚು ಹಣಕ್ಕೆ ಗೊತ್ತುಮಾಡಿಕೊಂಡು ತನ್ನದೇ ಪಂದ್ಯಗಳನ್ನು ನಡೆಸಲು ಹೊರಟಿದ್ದನು. ಆಡಳಿತಗಾರರು ಆ ಆಟಗಾರರಿಗೆ ಬಹಿಷ್ಕಾರ ಹಾಕಿದರು. 1977ರ ನವೆಂಬರ್‌ನಲ್ಲಿ ಲಂಡನ್ನಿನ ನ್ಯಾಯಾಲಯ ಆ ಬಹಿಷ್ಕಾರ ಸಲ್ಲದೆಂದು ತೀರ್ಪಿತ್ತಿತು. ದುಡಿಯುವವನಿಗೆ ತನ್ನ ದುಡಿಮೆಯನ್ನು ಮಾರಿಕೊಳ್ಳುವ ಹಕ್ಕಿದೆ ಎಂಬ ತತ್ತ್ವ ಆಟಗಾರನಿಗೂ ಅನ್ವಯಿಸಿತು. ಬ್ಯಾಂಕುಗಳಲ್ಲಿ ನೌಕರಿ ಮಾಡಿಕೊಂಡು, ಪಂದ್ಯಕ್ಕೆ ನೂರಾರು ರೂಪಾಯಿಗಳ ಭತ್ಯ ಪಡೆದು ದೇಶಕ್ಕೆ ಆಡುತ್ತಿದ್ದ ನಮ್ಮ ಆಟಗಾರರಿಗೂ ಆ ತೀರ್ಪಿನ ಅರ್ಥ ತಿಳಿಯದೆ ಹೋಗಿರಲಾರದು. ಆ ಚಳಿಗಾಲ ಭಾರತ ತಂಡ ಆಸ್ಟ್ರೇಲಿಯಕ್ಕೆ ಹೋಗಿ, ನಿವೃತ್ತಿಯಿಂದ ಮರಳಿದ ನಲವತ್ತೊಂದರ ಸಿಂಪ್ಸನ್ನರ ತಂಡದೊಡನೆ ಐದು ಟೆಸ್ಟ್ ಆಡಿ 3-2ರಲ್ಲಿ ಸೋತಿತು.

ಅವರ ಅಧ್ಯಕ್ಷತೆಯ ಕಾಲದಲ್ಲಿ ನಡೆದ ಇನ್ನೊಂದು ಮಹತ್ವದ ಸಂಗತಿ ಪಾಕಿಸ್ತಾನ ಪ್ರವಾಸ. 1961ರ ಫೆಬ್ರವರಿಯ ಅನಂತರ ಎರಡು ದೇಶಗಳೂ ಮೈದಾನದಲ್ಲಿ ಎದುರಾಗಿರಲಿಲ್ಲ. 1965 ಮತ್ತು 1971ರಲ್ಲಿ ಯುದ್ಧಭೂಮಿಯಲ್ಲಿ ಎದುರಾಗಿದ್ದವು. 1978ರಲ್ಲಿ ಬಿಷನ್ ಸಿಂಗ್ ಬೇಡಿಯವರ ನಾಯಕತ್ವದಲ್ಲಿ ನಮ್ಮ ತಂಡ ಪಾಕಿಸ್ತಾನಕ್ಕೆ ತೆರಳಿತು. ಹದಿನೇಳು ವರ್ಷಗಳ ಹಿಂದೆ ಆಟ ನಿಂತಾಗ ಮಂಡಳಿಯ ಕಾರ್ಯದರ್ಶಿಯಾಗಿದ್ದವರೇ ಅದು ಮತ್ತೆ ಆರಂಭವಾದಾಗ ಅಧ್ಯಕ್ಷರಾಗಿದ್ದರು. ಮರುವರ್ಷ ಪಾಕಿಸ್ತಾನ ಭಾರತಕ್ಕೆ ಬಂದಾಗ ಮೊದಲ ಟೆಸ್ಟ್ ನಡೆದುದು ಬೆಂಗಳೂರಿನಲ್ಲಿ.

ಆಡಳಿತಗಾರರ ಕೈಯಲ್ಲಿರುವ ಅಧಿಕಾರ ಕೆಲವೊಮ್ಮೆ ಎಷ್ಟು ಒರಟಾಗಬಲ್ಲದು ಎಂಬುದಕ್ಕೂ ಆ ಅವಧಿಯಲ್ಲಿ ನಿದರ್ಶನ ಉಂಟು. 1979ರಲ್ಲಿ ಇಂಗ್ಲೆಂಡಿಗೆ ಹೋದ ತಂಡಕ್ಕೆ ವೆಂಕಟರಾಘವನ್ ನಾಯಕರು. ಕೊನೆಯ ಟೆಸ್ಟಿನಲ್ಲಿ 438 ಓಟಗಳ ಗುರಿಯನ್ನು ಬೆನ್ನಟ್ಟಿ ಭಾರತ 429ರವರೆಗೆ ತಲುಪಿತ್ತು. ಗಾವಸ್ಕರ್ 221 ಓಟ ಗಳಿಸಿದ್ದರು. ಸ್ವದೇಶಕ್ಕೆ ಮರಳುವ ವಿಮಾನದಲ್ಲಿ, ನಾಯಕತ್ವ ಮತ್ತೆ ಗಾವಸ್ಕರರಿಗೆ ಸಂದಿದೆ ಎಂಬುದು ಧ್ವನಿವರ್ಧಕದ ಮೂಲಕ ಎಲ್ಲ ಪ್ರಯಾಣಿಕರ ಎದುರಿಗೆ ಘೋಷಣೆಯಾಯಿತು. ಪದಚ್ಯುತರಾದ ನಾಯಕರಿಗೂ ಅದು ಅಲ್ಲಿಯೇ ತಿಳಿದುದು. ನಾಯಕನನ್ನು ಬದಲಾಯಿಸುವುದು ಆಯ್ಕೆ ಮಾಡುವವರ ಹಕ್ಕು. ಆದರೆ ತಿಳಿಸುವ ರೀತಿಗೂ ಒಂದು ಸೌಜನ್ಯವಿದೆ. ಮಂಡಳಿ ಆ ದಿನ ಅದನ್ನು ಮರೆತಿತ್ತು.

ಇದಕ್ಕೆ ವಿರುದ್ಧವಾದ ಸೌಜನ್ಯವೊಂದನ್ನು ಕನ್ನಡದ ಆಟಗಾರರೊಬ್ಬರು ಕೆಲವೇ ತಿಂಗಳಲ್ಲಿ ತೋರಿಸಿದರು. 1928ರಲ್ಲಿ ಹುಟ್ಟಿದ ಮಂಡಳಿಯ ಸ್ವರ್ಣ ಮಹೋತ್ಸವದ ನೆನಪಿಗೆ 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಒಂದು ಟೆಸ್ಟ್ ನಡೆಯಿತು. ನಾಯಕ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ತೀರ್ಪುಗಾರರು ಬೆರಳೆತ್ತಿದರು. ಚೆಂಡು ದಾಂಡಿಗೆ ತಗುಲಿಲ್ಲವೆಂದು ಕಂಡ ವಿಶ್ವನಾಥ್ ಆತನನ್ನು ಮರಳಿ ಕರೆಸಿದರು. ಟೇಲರ್ ಬಾತಮ್ಮರ ಜೊತೆಗೂಡಿ ನಿಂತರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಚಿನ್ನಸ್ವಾಮಿಯವರ ಅಧ್ಯಕ್ಷತೆಯ ಕಾಲದ ಆ ಉತ್ಸವದಲ್ಲಿ ಗೆದ್ದವರಿಗಿಂತ ಸೋತ ನಾಯಕನ ನೆನಪೇ ಹೆಚ್ಚಾಗಿ ಉಳಿದಿದೆ.

ಚಿನ್ನಸ್ವಾಮಿಯವರು ಮಂಡಳಿಯ ಅಧಿಕಾರದಿಂದ ಇಳಿದ ಮೇಲೂ ಕರ್ನಾಟಕದ ಸಂಸ್ಥೆಯೊಡನೆ ಅವರ ನಂಟು ಕಡಿಯಲಿಲ್ಲ. ಅವರು ಪಟ್ಟುಹಿಡಿದು ಕಟ್ಟಿಸಿದ ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಡಲಾಯಿತು. ಆಟಗಾರನಲ್ಲದ, ಅರಸನಲ್ಲದ, ಮಂತ್ರಿಯಲ್ಲದ ಒಬ್ಬ ವಕೀಲರ ಹೆಸರು ಹೀಗೆ ಊರಿನ ನಡುವೆ ನಿಂತಿತು. 1991ರ ನವೆಂಬರ್ 8ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅದೇ ತಿಂಗಳ 29ರಂದು ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಮೈಸೂರಿನ ತರುಣ ಜಾವಗಲ್ ಶ್ರೀನಾಥ್ ತಮ್ಮ ಮೊದಲ ಟೆಸ್ಟ್ ಆಡಿದರು. ತನ್ನ ತಂಡಕ್ಕೆ ವೇಗದ ಚೆಂಡನ್ನು ಕಲಿಸಲು ಹೊರನಾಡಿನವರನ್ನು ಕರೆಸಿದ್ದ ದೇಶಕ್ಕೆ ಕನ್ನಡ ನಾಡೇ ಒಬ್ಬ ವೇಗಿಯನ್ನು ಕೊಟ್ಟಿತು.

ಮುಂದಿನ ವರ್ಷಗಳಲ್ಲಿ ಆಟದ ಸ್ವರೂಪ ಗುರುತು ಸಿಗದಷ್ಟು ಬದಲಾಯಿತು. ದೂರದರ್ಶನದ ಪ್ರಸಾರದಿಂದ ಮಂಡಳಿಗೆ ಕೋಟಿಗಳು ಹರಿದುಬಂದವು. ಬೆಂಗಳೂರಿನ ಕ್ರೀಡಾಂಗಣಕ್ಕೆ 1996ರ ವಿಶ್ವಕಪ್ಪಿನ ಹೊತ್ತಿಗೆ ಹೊನಲು ಬೆಳಕು ಬಂದಿತು. ಐಪಿಎಲ್ ಪಂದ್ಯಾವಳಿಯ ಮೊದಲ ಪಂದ್ಯ 2008ರ ಏಪ್ರಿಲ್ 18ರಂದು ಅಲ್ಲಿಯೇ ನಡೆಯಿತು. 2010ರಲ್ಲಿ ಅನಿಲ್ ಕುಂಬ್ಳೆ ಕರ್ನಾಟಕ ಸಂಸ್ಥೆಯ ಅಧ್ಯಕ್ಷರಾಗಿಯೂ ಶ್ರೀನಾಥ್ ಕಾರ್ಯದರ್ಶಿಯಾಗಿಯೂ ಚುನಾಯಿತರಾದರು. ಚೆಂಡೆಸೆದ ಕೈಗಳೇ ಕಡತಗಳನ್ನು ಹಿಡಿದವು. ಹಣ ಬೆಳೆದಂತೆ ಆಡಳಿತದ ಮೇಲೆ ದೂರುಗಳೂ ಬೆಳೆದವು. ನ್ಯಾಯಮೂರ್ತಿ ಲೋಧಾ ಸಮಿತಿಯ ಶಿಫಾರಸುಗಳನ್ನು ಸರ್ವೋಚ್ಚ ನ್ಯಾಯಾಲಯ 2016ರ ಜುಲೈನಲ್ಲಿ ಬಹುಮಟ್ಟಿಗೆ ಅಂಗೀಕರಿಸಿತು. ಎಪ್ಪತ್ತು ದಾಟಿದವರು ಪದಾಧಿಕಾರಿಗಳಾಗಬಾರದು, ಸತತವಾಗಿ ಅಧಿಕಾರದಲ್ಲಿ ಉಳಿಯಬಾರದು, ನಡುವೆ ಬಿಡುವು ತೆಗೆದುಕೊಳ್ಳಬೇಕು ಎಂಬ ನಿಯಮಗಳು ಬಂದವು. ಈ ನಿಯಮಗಳು ಅಂದೇ ಇದ್ದಿದ್ದರೆ ಚಿನ್ನಸ್ವಾಮಿಯವರು ಮಂಡಳಿಯ ಅಧ್ಯಕ್ಷರಾಗುತ್ತಿರಲಿಲ್ಲ. ನಾಲ್ಕು ದಶಕ ಒಂದೇ ಸಂಸ್ಥೆಯನ್ನು ನಡೆಸುವುದಂತೂ ಸಾಧ್ಯವೇ ಇರಲಿಲ್ಲ. ಅಷ್ಟು ದೀರ್ಘಕಾಲದ ಹಿಡಿತವಿಲ್ಲದೆ ಆ ಮೈದಾನ ಏಳುತ್ತಿತ್ತೇ ಎಂಬ ಪ್ರಶ್ನೆಯೂ ನ್ಯಾಯವಾದುದೇ.

ಚಿಕ್ಕಮಗಳೂರು ಜಿಲ್ಲೆಯ ಕಡೂರಿನಿಂದ ಬಂದ ವೇದಾ ಕೃಷ್ಣಮೂರ್ತಿ 2017ರ ಜುಲೈ 23ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನಾಡಿ 35 ಓಟ ಗಳಿಸಿದರು. ಭಾರತ ಕೇವಲ ಒಂಬತ್ತು ಓಟಗಳಿಂದ ಸೋತಿತು. ಕಾಫಿ ಬೆಟ್ಟಗಳ ಮಗ್ಗುಲಿನ ಊರೊಂದರ ಹುಡುಗಿ ಅಲ್ಲಿಯವರೆಗೆ ನಡೆದುಹೋಗಲು ಬೇಕಾದ ಮೆಟ್ಟಿಲುಗಳು ಅಷ್ಟರ ಮಟ್ಟಿಗೆ ಸಿದ್ಧವಾಗಿದ್ದವು.

2025ರ ಜೂನ್ 4ರಂದು ಚಿನ್ನಸ್ವಾಮಿಯವರ ಹೆಸರಿನ ಕ್ರೀಡಾಂಗಣದ ಬಾಗಿಲುಗಳ ಬಳಿ, ಬೆಂಗಳೂರಿನ ಐಪಿಎಲ್ ತಂಡದ ವಿಜಯೋತ್ಸವಕ್ಕೆಂದು ನೆರೆದ ಜನರ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಆ ಕಟ್ಟಡದ ವಿನ್ಯಾಸವೇ ಭಾರಿ ಜನಸಂದಣಿಗೆ ತಕ್ಕುದಲ್ಲವೆಂದು ವರದಿ ಮಾಡಿತು. ನಗರದ ನಡುವೆ ಇದ್ದುದೇ 1969ರಲ್ಲಿ ಆ ನೆಲದ ಹೆಗ್ಗಳಿಕೆಯಾಗಿತ್ತು. ಅರ್ಧ ಶತಮಾನದ ಮೇಲೆ, ಕೋಟಿ ದಾಟಿದ ನಗರದಲ್ಲಿ, ಅದೇ ಅದರ ಇಕ್ಕಟ್ಟಾಯಿತು. ಆ ವರ್ಷದ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಬೇಕಾಗಿತ್ತು. ಅವು ನವಿ ಮುಂಬಯಿಗೆ ವರ್ಗವಾದವು. 1976ರಲ್ಲಿ ಶಾಂತಾ ರಂಗಸ್ವಾಮಿಯವರ ತಂಡ ಮೊದಲ ಟೆಸ್ಟ್ ಆಡಿದ ಮೈದಾನ ಬರಿದಾಗಿದ್ದಾಗ, 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ಮೊದಲ ಬಾರಿಗೆ ವಿಶ್ವಕಪ್ಪನ್ನು ಗೆದ್ದರು.